ಪಾವಡಿಗೆ ವಕೀಲರನ್ನು ಹಿಡಿದ ವರ್ಷ

ಹೋದ ವಾರ ತಿರುಪ್ಪೂರಿನಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು ನನ್ನ ಪಕ್ಕ ಕೂತಳು. ಉಟ್ಟಿದ್ದು ಹೊಸ ಕೈಮಗ್ಗದ ಸೀರೆ, ಇನ್ನೂ ಒಮ್ಮೆಯೂ ನೀರು ಕಾಣದ್ದು. ಬಸ್ಸು ಹೊರಟು ಕಿಟಕಿಯ ಗಾಳಿ ಆಡಿದ್ದೇ ಅದರಿಂದ ಗಂಜಿಯ ವಾಸನೆ ಬಂತು. ಅಕ್ಕಿ ಗಂಜಿ, ಅದರ ಹಿಂದೆಯೇ ಸ್ವಲ್ಪ ಕೊಬ್ಬರಿ ಎಣ್ಣೆ. ಈ ವಾಸನೆಗೆ ಮೂಗು ಮುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನಗೆ ಮಾತ್ರ ಅದು ಬಡಿದರೆ ಸಾಕು, ಹಸಿವೂ ಆಗುತ್ತದೆ, ಸಂತೋಷವೂ ಆಗುತ್ತದೆ. ಅವತ್ತು ಎರಡರ ಜೊತೆಗೆ ನಗುವೂ ಬಂತು. ನಾವು ಸರ್ಕಾರದ ಮೇಲೆ ಕೇಸು ಹಾಕಿದ ವರ್ಷ ನೆನಪಾಗಿತ್ತು. ಆಕೆ ನನ್ನ ಮುಖ ನೋಡಿ ಸೆರಗು ಸರಿಮಾಡಿಕೊಂಡು ಸ್ವಲ್ಪ ಆಚೆ ಸರಿದು ಕೂತಳು.

ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ, ನೇಕಾರರ ಮನೆಯಲ್ಲೇ. ಮದುವೆಯಾಗಿ ಬಂದದ್ದು ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ ಇರುವ ಒಂದು ಸಣ್ಣ ಪಟ್ಟಣಕ್ಕೆ. ಇಲ್ಲಿ ನಮ್ಮ ಬೀದಿಯವರೆಲ್ಲ ಕನ್ನಡದವರು. ಯಾವ ಕಾಲದಲ್ಲಿ ಬಂದರು ಎಂದು ಕೇಳಿದರೆ, ಕುಲದೇವತೆ ಚೌಡಮ್ಮ ಬಂದಾಗ ಎನ್ನುತ್ತಾರೆ. ಅವಳು ಯಾವಾಗ ಬಂದಳೆಂದು ಅವಳನ್ನೇ ಕೇಳಬೇಕು. ಕನ್ನಡ ಮನೆಯೊಳಗಿನ ಮಾತು, ಹೊಸ್ತಿಲು ದಾಟಿದರೆ ತಮಿಳು. ಓದು ಬರಹ ಎಲ್ಲರಿಗೂ ತಮಿಳಿನಲ್ಲೇ. ನನ್ನ ಕನ್ನಡವನ್ನು ಅವರು ರೇಡಿಯೋ ಕನ್ನಡ ಎಂದು ಗೇಲಿ ಮಾಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನಿಮ್ಮದು ಸಾಂಬಾರು ಸುರಿದ ಕನ್ನಡ ಎನ್ನುತ್ತಿದ್ದೆ.

ಬೀದಿಯ ಹಿಂದೆ, ಚೌಡೇಶ್ವರಿ ಗುಡಿಯಿಂದ ಹಿಡಿದು ಹಳೆಯ ನೀರಿನ ತೊಟ್ಟಿಯವರೆಗೆ, ಉದ್ದಕ್ಕೆ ಒಂದು ಬಯಲಿದೆ. ಎರಡು ಬದಿಗೆ ಬೇವಿನ ಮರ, ಎರಡು ತುದಿಗೆ ಕಲ್ಲುಕಂಬ. ಅದೇ ಪಾವಡಿ. ನಾವು ಕೊಳ್ಳೇಗಾಲದಲ್ಲಿ ಹಾಸು ಎನ್ನುವುದು ಇಲ್ಲಿಯವರಿಗೆ ಪಾವು. ಮಗ್ಗಕ್ಕೆ ಏರಿಸುವ ಮೊದಲು ಆ ಉದ್ದನೂಲನ್ನೆಲ್ಲ ಹೊರಗೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಅಷ್ಟು ಉದ್ದದ ಜಾಗ ಯಾರ ಮನೆಯಲ್ಲೂ ಇರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಪಾವನ್ನು ಕವೆಗೋಲುಗಳ ಮೇಲೆ ಹರಡಿ, ಎರಡು ಕಡೆಯೂ ಜೋಡಿ ಜೋಡಿಯಾಗಿ ನಿಂತು ಕುಂಚ ಆಡಿಸುತ್ತಾ ಹೋಗುತ್ತಾರೆ. ಗಂಜಿ ಒಮ್ಮೆ ಬಿತ್ತೆಂದರೆ ಒಣಗುವ ತನಕ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿಕೊಂಡು ಪಾವೇ ಹಾಳು. ಬಿಸಿಲು ಏರುವಷ್ಟರಲ್ಲಿ ಎಲ್ಲ ಸುತ್ತಿ ಒಳಗೆ ಒಯ್ದುಬಿಡುತ್ತಾರೆ. ಆಮೇಲೆ ಅಲ್ಲಿ ಆಡುಗಳು ಮಲಗಿರುತ್ತವೆ.

ಪಾವಡಿಯ ಯಜಮಾನಿಕೆ ನನ್ನ ಅತ್ತೆ ರಂಗಮ್ಮಾಳ್ ಅವರದು. ಯಾರೂ ಕೊಟ್ಟದ್ದಲ್ಲ, ಅವರ ಗಂಟಲಿನಿಂದ ಬಂದದ್ದು. ಗುಡಿಯ ಹತ್ತಿರ ನಿಂತು ಒಂದು ಮಾತು ಬಿಟ್ಟರೆ ತೊಟ್ಟಿಯ ಹತ್ತಿರ ಇದ್ದವರ ಕೈ ಚುರುಕಾಗುತ್ತಿತ್ತು. ಬೀದಿಯಲ್ಲಿ ಕೈಮಗ್ಗ ಉಳಿಸಿಕೊಂಡವರು ಆಗಲೇ ಕಡಿಮೆ. ಉಳಿದವರು ಪವರ್‌ಲೂಮಿಗೆ ಹೋಗಿದ್ದರು, ಇಲ್ಲವೇ ನನ್ನ ಗಂಡ ಸೆಂದಿಲ್‌ನ ಹಾಗೆ ಬೈಕು ಹತ್ತಿ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುತ್ತಿದ್ದರು. ನಾನೂ ಅಂಥದೊಂದು ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡಿ, ದಿನವಿಡೀ ಟೀ ಶರ್ಟಿನ ಹೊಲಿಗೆ ನೋಡಿ ನೋಡಿ ಬೇಸತ್ತು ಬಿಟ್ಟಿದ್ದೆ. ಆ ವರ್ಷ ಅತ್ತೆಯ ಜೊತೆ ಕುಂಚ ಹಿಡಿಯುತ್ತಿದ್ದೆ.

ಆನಿ ತಿಂಗಳಲ್ಲಿ, ನಮ್ಮ ಜ್ಯೇಷ್ಠದ ಹೊತ್ತಿಗೆ, ಇನ್ನೂ ಗಾಳಿ ಶುರುವಾಗುವ ಮೊದಲು, ಬೇವಿನ ಮರಕ್ಕೆ ಒಂದು ನೋಟೀಸು ಅಂಟಿಸಿ ಹೋದರು. ಪಾವಡಿ ಪೊರಂಬೋಕು, ಎಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ, ಅಲ್ಲಿ ಅಂಗಡಿ ಸಂಕೀರ್ಣ ಕಟ್ಟುವ ಆಲೋಚನೆ ಇದೆ, ಅಧಿಕಾರಿ ಬಂದು ಸ್ಥಳ ನೋಡುತ್ತಾರೆ ಎಂದು ಅದರಲ್ಲಿತ್ತು. ನಂಜಪ್ಪ ಮಾಮ ಅದನ್ನು ಓದಿ ಗುಡಿಯ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿದರು. ಅವರು ನಮ್ಮ ಬೀದಿಯ ಹಿರಿಯ ಯಜಮಾನರು. ಒಳ್ಳೆಯ ಮನುಷ್ಯ, ಬಿಳಿ ಬಟ್ಟೆ ತೊಟ್ಟ ಯಾರನ್ನು ಕಂಡರೂ ಹೆಗಲ ಮೇಲಿನ ಟವೆಲು ತಾನಾಗಿಯೇ ಕಂಕುಳಿಗೆ ಇಳಿಯುತ್ತಿತ್ತು. ಅಧಿಕಾರಿಯನ್ನು ಚೆನ್ನಾಗಿ ನೋಡಿಕೊಂಡರೆ ಅವರೂ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ಅವರ ಮಾತು. ಅದಕ್ಕೆ ಎದುರಾಡಿದವರು ಒಬ್ಬರೂ ಇಲ್ಲ. ಮನೆಗೆ ದೊಡ್ಡವರು ಬರುವಾಗ ಬೇರೆ ಏನು ಮಾಡುತ್ತಾರೆ?

ನಾವು ಮಾಡಿದ್ದು ಕೇಳಿ. ಎರಡು ದಿನ ಪಾವು ಹಾಕುವುದನ್ನೇ ನಿಲ್ಲಿಸಿದೆವು. ಕವೆಗೋಲು, ಹಗ್ಗ, ಗಂಜಿಯ ಹಂಡೆ ಎಲ್ಲವನ್ನೂ ಗುಡಿಯ ಹಿಂದಿನ ಕೋಣೆಗೆ ತುಂಬಿ ಬೀಗ ಹಾಕಿದೆವು. ಹೆಂಗಸರೆಲ್ಲ ಸೇರಿ ಪಾವಡಿಯನ್ನು ಈ ತುದಿಯಿಂದ ಆ ತುದಿಗೆ ಗುಡಿಸಿ, ಸಗಣಿ ನೀರು ಚಿಮುಕಿಸಿ, ನಡುವೆ ದೊಡ್ಡ ರಂಗೋಲಿ ಹಾಕಿದೆವು. ಕಲ್ಲುಕಂಬಗಳಿಗೆ ಸುಣ್ಣ ಬಳಿದೆವು. ಒಂದು ಶಾಮಿಯಾನ, ಅದರಡಿ ಕುರ್ಚಿ, ಪಕ್ಕದಲ್ಲಿ ಕಾಂಗೇಯಂ ಕಡೆಯಿಂದ ತರಿಸಿದ ಎಳನೀರಿನ ಗೊನೆ. ಅಧಿಕಾರಿ ಬಂದರು, ಹಾರ ಹಾಕಿಸಿಕೊಂಡರು, ಎಳನೀರು ಕುಡಿದರು, ನಾಲ್ಕು ಕಡೆಗೆ ಮೊಬೈಲು ಹಿಡಿದು ಫೋಟೋ ತೆಗೆದುಕೊಂಡರು. ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳಿ ಜೀಪು ಹತ್ತಿದರು. ಅವತ್ತು ಸಂಜೆ ನಮ್ಮ ಬೀದಿಯಲ್ಲಿ ಎಲ್ಲರೂ ತುಂಬ ಖುಷಿಯಾಗಿದ್ದೆವು.

ಆಡಿ ಗಾಳಿಯ ಜೊತೆಗೆ ಆದೇಶವೂ ಬಂತು. ಇಲ್ಲಿ ಆಡಿ ಎಂದರೆ ನಮ್ಮ ಆಷಾಢ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಒರಳುಕಲ್ಲೂ ಹಾರುತ್ತದೆ ಎಂದು ಗಾದೆಯೇ ಇದೆ. ಸ್ಥಳ ಪೂರ್ತಿ ಖಾಲಿ ಇದೆ, ಸ್ವಚ್ಛವಾಗಿದೆ, ಯಾವ ಬಳಕೆಯೂ ಕಂಡುಬರಲಿಲ್ಲ, ಊರವರು ಸಂತೋಷದಿಂದ ಸಹಕರಿಸಿದರು ಎಂದು ಅಧಿಕಾರಿ ಬರೆದಿದ್ದರು. ಪಾಪ, ಅವರು ಒಂದಕ್ಷರವೂ ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನು ಬರೆದಿದ್ದರು. ಕಾಣದ ಹಾಗೆ ಗುಡಿಸಿಟ್ಟವರು ನಾವೇ.

ನಂಜಪ್ಪ ಮಾಮ ಅದನ್ನು ಓದಿ ಮುಗಿಸಿದ್ದೇ ಅತ್ತೆ ಎದ್ದು ಮನೆಗೆ ಬಂದರು. ತಮ್ಮ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತರು. ಅವನ್ನೇ ನೋಡುತ್ತಾ ಹೇಳಿದರು:

"ಪಾವಡಿ ಹೋದ್ರೆ ನನ್ನ ಬನಿಯನ್ ಕಂಪನಿಗೆ ಕರ್ಕೊಂಡ್ ಹೋಗಿ ಪಿಸುರು ಕತ್ತರಿಸಾಕ್ಕೆ ಕುಂಡ್ರಿಸ್ತೀರಿ. ವಯಸ್ಸಾದೋರ್‌ಗೆ ಅಲ್ಲಿ ಅದೇ ಕೆಲ್ಸ ತಾನೇ. ಇಷ್ಟ್ ವರ್ಷ ನೂಲು ಸೇರ್ಸಿದ ಕೈ ಅಮ್ಮಿಣಿ ಇದು. ನೂಲು ಕತ್ತರಿಸಾಕ್ಕೆ ಬರಲ್ಲ ಇದಕ್ಕೆ."

ಅಮ್ಮಿಣಿ ಎಂದರೆ ಈ ಕೊಂಗು ನಾಡಿನಲ್ಲಿ ಮುದ್ದಿನ ಮಾತು, ಪುಟ್ಟಾ ಎಂದ ಹಾಗೆ. ಸಿಟ್ಟಿನಲ್ಲಿದ್ದಾಗ ಅತ್ತೆ ನನ್ನನ್ನು ಕೊಳ್ಳೇಗಾಲದವಳೇ ಎನ್ನುವುದು ವಾಡಿಕೆ. ಅವತ್ತು ಬಂದದ್ದು ಅಮ್ಮಿಣಿ. ಟೀ ಶರ್ಟುಗಳ ರಾಶಿಯ ಮುಂದೆ ಸಣ್ಣ ಕತ್ತರಿ ಹಿಡಿದು, ತೂಗಾಡುವ ದಾರದ ತುದಿಗಳನ್ನು, ಅದೇ ಪಿಸುರನ್ನು, ಕತ್ತರಿಸುತ್ತಾ ಕೂರುವ ಮುದುಕಿಯರನ್ನು ನಾನು ದಿನಾ ನೋಡಿದವಳು. ಆ ಸಾಲಿನಲ್ಲಿ ಅತ್ತೆಯನ್ನು ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಕಡೆ ಹೇಳುತ್ತಾರೆ. ಗಾದೆ ಗೊತ್ತಿದ್ದೂ ವಕೀಲರನ್ನು ಹುಡುಕಿ ಹೊರಟೆವು. ನಮ್ಮ ಊರಿನಲ್ಲೇ ಒಬ್ಬ ವಕೀಲರಿದ್ದರು, ಬೀದಿಯವರ ಕ್ರಯಪತ್ರ, ಭಾಗಪತ್ರ ಎಲ್ಲ ಅವರದೇ ಕೈಬರಹ. ಅವರು ಪ್ರಾಮಾಣಿಕರು. ಅಣ್ಣತಮ್ಮಂದಿರ ಜಗಳವಾದರೆ ನಾನಿದ್ದೇನೆ, ಇದು ಸರ್ಕಾರದ ಜೊತೆಗಿನ ಮಾತು, ಇದಕ್ಕೆ ಬೇರೆಯೇ ವಕೀಲರು ಬೇಕು, ಚೆನ್ನೈ ಹೈಕೋರ್ಟಿಗೇ ಹೋಗಬೇಕಾಗುತ್ತದೆ ಎಂದು ಹೇಳಿ, ಕೊಯಮತ್ತೂರಿನ ಇಬ್ಬರ ವಿಳಾಸ ಕೊಟ್ಟರು. ನಂಜಪ್ಪ ಮಾಮನೂ ನಾನೂ ಬಸ್ಸು ಹತ್ತಿದೆವು. ಕಂಪನಿಯಲ್ಲಿದ್ದಾಗ ನಾಲ್ಕು ಮಾತು ಇಂಗ್ಲಿಷು ಕಲಿತಿದ್ದೆ ಎಂಬುದೇ ನನಗೆ ಸಿಕ್ಕ ಅರ್ಹತೆ.

ಮೊದಲನೆಯವರ ಆಫೀಸಿನಲ್ಲಿ ಎಸಿ ಇತ್ತು, ಗೋಡೆ ತುಂಬ ದೊಡ್ಡವರ ಪಕ್ಕ ನಿಂತ ಫೋಟೋಗಳಿದ್ದವು. ಅವರು ನಮ್ಮ ಮಾತು ಅರ್ಧ ಕೇಳಿ, ಉಳಿದರ್ಧ ತಾವೇ ಹೇಳಿದರು. ಚಿಂತೆ ಬಿಡಿ, ಮಂತ್ರಿಗಳ ಮನೆಯಲ್ಲೇ ನನಗೆ ಕಾಫಿ, ಜಾಗ ನಿಮ್ಮದೇ ಎಂದು ಬೆನ್ನು ತಟ್ಟಿ ಕಳಿಸಿದರು. ನಂಜಪ್ಪ ಮಾಮ ಮೆಟ್ಟಿಲಿಳಿಯುವಾಗಲೇ ಗೆದ್ದುಬಿಟ್ಟಿದ್ದರು.

ಎರಡನೆಯವರು ಪದ್ಮಿನಿ ಎಂಬ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಗಾಂಧಿಪುರದ ಹತ್ತಿರ ಗಲ್ಲಿಯೊಂದರ ಮಹಡಿಯಲ್ಲಿ ಅವರ ಆಫೀಸು. ಸರ್ಕಾರಿ ಇಲಾಖೆಗಳ ಆದೇಶಗಳ ಮೇಲಿನ ಕೇಸುಗಳೇ ಅವರ ಕಸುಬು. ಅವರು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಈಯಮ್ಮನ ಮಾತು ಜಡ್ಜಿಗೆ ಕೇಳಿಸುತ್ತದೆಯೇ ಎಂದು ನಂಜಪ್ಪ ಮಾಮ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದರು. ಆಕೆ ಫೈಲಿನಿಂದ ತಲೆ ಎತ್ತದೆ, ಕೇಳಿಸುತ್ತದೆ ಮಾಮಾ, ನನಗೆ ನಿಮ್ಮದು ಕೇಳಿಸಿದ ಹಾಗೆ ಎಂದು ಕನ್ನಡದಲ್ಲೇ ಹೇಳಿದರು. ಅವರ ತಾತನ ಕಾಲದಿಂದ ಕೊಯಮತ್ತೂರಿನವರಂತೆ, ಮನೆಮಾತು ಕನ್ನಡ. ನಂಜಪ್ಪ ಮಾಮನ ಟವೆಲು ಕಂಕುಳಿಗೆ ಇಳಿಯಿತು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಸರ್ಕಾರಕ್ಕೆ ಜಾಗ ಬೇಕೆಂದರೆ ಅದು ತೆಗೆದುಕೊಳ್ಳಬಹುದು, ಆದರೆ ಆದೇಶ ಮಾಡುವ ಮೊದಲು ನಿಮ್ಮನ್ನು ಕೇಳಬೇಕು, ಕೇಳಿದರೇ? ನಂಜಪ್ಪ ಮಾಮ ಯೋಚಿಸಿ, ಅವರೇನೂ ಕೇಳಲಿಲ್ಲ, ನಾವೇ ಇನ್ನೊಂದು ಎಳನೀರು ಬೇಕೇ ಎಂದು ಕೇಳಿದೆವು ಎಂದರು. ಪದ್ಮಿನಿ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ನಗು ತಡೆದುಕೊಳ್ಳಲು ಅವರು ಪಟ್ಟ ಕಷ್ಟ ನನಗೆ ಕಂಡಿತು. ಗೆಲ್ಲುತ್ತೇವೆ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಜಾಗ ಕೊಡಿಸುತ್ತೇನೆ ಎನ್ನಲಾರೆ, ನಿಮ್ಮ ಮಾತನ್ನು ಕೇಳುವ ಹಾಗೆ ಮಾಡಬಲ್ಲೆ ಎಂದಷ್ಟೇ ಹೇಳಿದರು.

ಬೀದಿಗೆ ಬಂದ ಮೇಲೆ ಎರಡು ಪಂಗಡವಾಯಿತು. ಗಂಡಸರಿಗೆಲ್ಲ ಎಸಿ ವಕೀಲರು. ಮಾತು ಕೊಡದ ವಕೀಲರಿಗೆ ಯಾರಾದರೂ ಫೀಸು ಕೊಡುತ್ತಾರೆಯೇ ಎಂದು ಸೆಂದಿಲ್ ಕೂಡ ನನ್ನ ಮೇಲೆ ರೇಗಿದ. ನನಗೆ ಮಾತ್ರ ಪದ್ಮಿನಿಯೇ ಸರಿ ಅನ್ನಿಸಿತ್ತು. ಮೊದಲ ವಕೀಲರು ಪಾವಡಿ ಎಂದರೆ ಏನೆಂದೂ ಕೇಳಿರಲಿಲ್ಲ. ಈಕೆ ನನ್ನ ಕೈಯಲ್ಲಿ ಅದರ ಚಿತ್ರ ಬರೆಸಿಕೊಂಡಿದ್ದರು. ಜಗಳ ಎಲ್ಲಿಗೂ ಮುಟ್ಟದಾಗ ನಂಜಪ್ಪ ಮಾಮ, ಚೌಡಮ್ಮನನ್ನೇ ಕೇಳೋಣ ಎಂದರು. ಇಲ್ಲಿ ಮದುವೆಯ ಮಾತಾಗಲಿ, ಬಾವಿ ತೋಡುವುದಾಗಲಿ, ಹೂ ಕೇಳದೆ ಮುಂದುವರಿಯುವುದಿಲ್ಲ. ಕೆಂಪು ಹೂ ಒಂದು ಪೊಟ್ಟಣ, ಬಿಳಿ ಹೂ ಒಂದು ಪೊಟ್ಟಣ, ಬಾಳೆ ಎಲೆಯಲ್ಲಿ ಒಂದೇ ಥರ ಕಟ್ಟಿ ಅಮ್ಮನ ಪಾದದ ಮುಂದೆ ಹಾಕುತ್ತಾರೆ. ಪೂಜಾರಿ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಾನೆ. ವಕೀಲರನ್ನು ಹೂ ಕೇಳಿ ಆರಿಸಿದ ಊರು ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ. ಎಸಿ ವಕೀಲರಿಗೆ ಕೆಂಪು, ಪದ್ಮಿನಿಗೆ ಬಿಳಿ. ಪೂಜಾರಿ ಎತ್ತಿದ ಪೊಟ್ಟಣದಲ್ಲಿ ಬಿಳಿ ನಂದಿಬಟ್ಟಲು ಇತ್ತು. ನಾನು ಗಟ್ಟಿಯಾಗಿ ಕೈ ಮುಗಿದೆ.

ಅಲ್ಲಿಂದ ಹೊಸ ಪೇಚಾಟ ಶುರುವಾಯಿತು. ಅಮ್ಮನೇ ಆರಿಸಿದ ವಕೀಲರೆಂದ ಮೇಲೆ ಅವರ ಮಾತಿಗೆ ಎದುರಾಡುವುದುಂಟೇ? ಪದ್ಮಿನಿ ಅರ್ಜಿ ಬರೆಯಲು ವಿಷಯ ಕೇಳಿದರೆ ನಂಜಪ್ಪ ಮಾಮನೂ ಉಳಿದ ಯಜಮಾನರೂ ಕೈ ಕಟ್ಟಿ ನಿಂತು, ನೀವು ಹೇಳಿದ ಹಾಗೆಯೇ ಎನ್ನುತ್ತಿದ್ದರು. ಮಧ್ಯಾಹ್ನವೂ ಅಲ್ಲಿ ಕೆಲಸ ನಡೆಯುತ್ತದೆಯೇ ಎಂದರೆ, ನೀವು ಹೇಳಿದರೆ ನಡೆಯುತ್ತದೆ. ಮಳೆಗಾಲದಲ್ಲಿ ನಡೆಯುವುದಿಲ್ಲವೇ ಎಂದರೆ, ಹಾಗೂ ಆಗಬಹುದು. ನಾಲ್ಕು ಬಾರಿ ಹೀಗಾದ ಮೇಲೆ ಆ ಮೆಲುದನಿಯ ಹೆಂಗಸಿಗೂ ಸಿಟ್ಟು ಬಂತು.

"ನನಗೆ ಮರ್ಯಾದೆ ಕೊಡಬೇಡಿ ಮಾಮಾ," ಎಂದರು. "ಮರ್ಯಾದೆ ಕೊಟ್ಟೇ ಅಲ್ವಾ ಒಂದು ಸಲ ಜಾಗ ಕಳ್ಕೊಂಡಿದ್ದು. ತಪ್ಪಿದ್ರೆ ತಪ್ಪು ಅನ್ನಿ. ಅದು ಹೇಳೋರು ಒಬ್ಬರನ್ನ ಕರ್ಕೊಂಡು ಬನ್ನಿ."

ತಪ್ಪು ಹೇಳುವವರಿಗೆ ನಮ್ಮ ಮನೆಯಲ್ಲಿ ಬರವೇ? ಮುಂದಿನ ಸಲ ಅತ್ತೆಯನ್ನು ಕರೆದೊಯ್ದೆ. ಪದ್ಮಿನಿ ತಾವು ಬರೆದದ್ದನ್ನು ಓದಿ ಹೇಳುತ್ತಿದ್ದ ಹಾಗೆ ಅತ್ತೆ ಪ್ರತಿ ಎರಡನೇ ಸಾಲಿಗೆ ತಡೆದರು. ಅದು ಹಾಗಲ್ಲ, ಇದು ಹೀಗಲ್ಲ, ಪಾವನ್ನು ನೀ ಏನು ಕೊಡೆ ಬಿಚ್ಚಿದಂತೆ ಬಿಚ್ಚಿಬಿಡ್ತಿಯಾ ಎಂದು ಗದರಿಸಿದರು. ಪದ್ಮಿನಿ ಬೈಸಿಕೊಂಡಷ್ಟೂ ಖುಷಿಯಾಗಿ ಬರೆದುಕೊಂಡರು. ಅರ್ಜಿದಾರರಲ್ಲಿ ಮೊದಲ ಹೆಸರು ರಂಗಮ್ಮಾಳ್ ಎಂದೇ ಹಾಕಿದರು. ಬೀದಿಯವರೆಲ್ಲ ಕೈಲಾದಷ್ಟು ಸೇರಿಸಿ ಖರ್ಚು ನೋಡಿಕೊಂಡರು, ಅದರಲ್ಲಿ ಯಾರೂ ಹಿಂದೆ ಬೀಳಲಿಲ್ಲ.

ಐಪ್ಪಸಿ ತಿಂಗಳಲ್ಲಿ ಕೇಸು ವಿಚಾರಣೆಗೆ ಬಂತು. ದೀಪಾವಳಿ ಕಳೆದು ಮಳೆ ಹಿಡಿದಿತ್ತು. ನಾನು, ಅತ್ತೆ, ನಂಜಪ್ಪ ಮಾಮ ಪದ್ಮಿನಿಯವರ ಹಿಂದೆ ಚೆನ್ನೈಗೆ ಹೋದೆವು. ನಂಜಪ್ಪ ಮಾಮ ಜರಿಯಂಚಿನ ಪಂಚೆ ಉಟ್ಟು, ನ್ಯಾಯಾಧೀಶರಿಗೆ ಹೊದಿಸಲೆಂದು ನಮ್ಮ ಬೀದಿಯಲ್ಲೇ ನೇಯ್ದ ಶಾಲೊಂದನ್ನು ಚೀಲದಲ್ಲಿ ತಂದಿದ್ದರು. ಕೋರ್ಟಿನ ಬಾಗಿಲಲ್ಲಿ ಪದ್ಮಿನಿಗೆ ಅದು ಗೊತ್ತಾಗಿ, ಅವರ ಮುಖದ ಬಣ್ಣವೇ ಹೋಯಿತು. ಚೀಲವನ್ನು ಅಲ್ಲಿಯೇ ನನ್ನ ಕೈಗೆ ಕೊಡಿಸಿದರು. ಒಳಗೆ ನಮ್ಮ ಕೇಸು ಕರೆದದ್ದೂ ಮುಗಿದದ್ದೂ ಒಂದು ಕಾಫಿ ಆರುವಷ್ಟರೊಳಗೆ. ಪದ್ಮಿನಿ ಅದೇ ಮೆಲ್ಲನೆಯ ದನಿಯಲ್ಲಿ ನಾಲ್ಕು ಮಾತು ಹೇಳಿದರು, ಎದುರಿಗಿದ್ದ ಸರ್ಕಾರಿ ವಕೀಲರು ಎರಡು ಮಾತು ಹೇಳಿದರು. ಹಳೆಯ ಆದೇಶ ರದ್ದು. ಮೇಲಿನ ಅಧಿಕಾರಿ ಮುಂಚಿತವಾಗಿ ತಿಳಿಸಿ ಬಂದು, ಕೆಲಸದ ಹೊತ್ತಿನಲ್ಲಿ ಸ್ಥಳ ನೋಡಿ, ಇವರ ಮಾತು ಕೇಳಿ, ಆಮೇಲೆ ತೀರ್ಮಾನಿಸಬೇಕು ಎಂದಾಯಿತು. ಅತ್ತೆಗೆ ಸಮಾಧಾನವೇ ಇಲ್ಲ. ಇಷ್ಟು ದೂರ ಬಂದರೂ ಆ ಜಡ್ಜು ತನ್ನ ಕಡೆ ಒಂದು ಸಲವೂ ನೋಡಲಿಲ್ಲ ಎಂದು ರೈಲಿನಲ್ಲಿ ಈರೋಡಿನ ತನಕ ಗೊಣಗಿದರು.

ಅಧಿಕಾರಿ ಕಾರ್ತಿಗೈ ತಿಂಗಳಲ್ಲಿ ಬರುವುದೆಂದು ತಿಳಿಸಿದರು. ಅದಕ್ಕೆ ಮೊದಲಿನ ಭಾನುವಾರ ಪದ್ಮಿನಿ ತಾವೇ ಬೀದಿಗೆ ಬಂದು, ಗುಡಿಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಅಪ್ಪಣೆ ಕೊಟ್ಟರು. ಗುಡಿಸಬೇಡಿ. ರಂಗೋಲಿ ಬೇಡ. ಹಾರ, ಶಾಮಿಯಾನ, ಎಳನೀರು ಯಾವುದೂ ಬೇಡ. ಅವರು ಬಂದಾಗ ಯಾರೂ ಕೆಲಸ ನಿಲ್ಲಿಸಬೇಡಿ. ಹೆಂಗಸರಿಗೆ ಇದು ಸರ್ಕಾರದ ಆದೇಶಕ್ಕಿಂತ ಕಠಿಣವಾಯಿತು. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ನಮ್ಮ ಪಾಡಿಗೆ ನಾವು ಕೆಲಸ ಮಾಡುವುದೇ, ನಾಳೆ ನಾಲ್ಕು ಜನ ಏನೆಂದಾರು ಎಂದು ಒಬ್ಬೊಬ್ಬರೂ ವಾದ ಹೂಡಿದರು. ಶತ್ರು ಬಂದರೂ ನೀರು ಕೊಡುವ ಜಾತಿ ನಮ್ಮದು ಎಂದು ನಂಜಪ್ಪ ಮಾಮ ಕಣ್ಣಲ್ಲಿ ನೀರು ತಂದುಕೊಂಡರು. ಕೊನೆಗೆ ಒಂದು ತಂಬಿಗೆ ನೀರಿಗೆ ಪದ್ಮಿನಿ ಒಪ್ಪಿಗೆ ಕೊಟ್ಟರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆ ವಾರವಿಡೀ ಮಳೆ. ಮಳೆಯಲ್ಲಿ ಗಂಜಿ ಒಣಗುವುದಿಲ್ಲ, ಯಾರೂ ಪಾವು ಹಾಕುವುದಿಲ್ಲ. ಅಧಿಕಾರಿ ಬರುವ ದಿನವೂ ಸುರಿದರೆ ಪಾವಡಿ ಮತ್ತೆ ಖಾಲಿ ಕಾಣುತ್ತದೆ, ಈ ಸಲ ಗುಡಿಸದೆಯೇ. ಅವತ್ತು ಬೆಳಗ್ಗೆ ಎದ್ದು ನೋಡಿದರೆ ಮಳೆ ನಿಂತಿತ್ತು, ಮೋಡ ಮಾತ್ರ ಬೇವಿನ ಮರದ ತಲೆಗೆ ತಾಗುವಷ್ಟು ಇಳಿದಿತ್ತು. ಇಂಥ ದಿನ ಪಾವು ಹಾಕಿದರೆ ನೂಲನ್ನು ಬೀದಿಗೆ ಎಸೆದ ಹಾಗೆ ಎಂದು ಎಲ್ಲರೂ ಹಿಂಜರಿದರು. ಅತ್ತೆ ಹಿಂಜರಿಯಲಿಲ್ಲ. ತಮ್ಮದೇ ಪಾವನ್ನು, ಪೊಂಗಲಿಗೆ ನೇಯಬೇಕೆಂದು ಇಟ್ಟಿದ್ದನ್ನು, ಹೊತ್ತುಕೊಂಡು ಹೊರಗೆ ಬಂದರು. ಹೋದರೆ ನನ್ನದು ಹೋಗಲಿ, ಬಂದು ಕೈ ಹಿಡಿಯಿರಿ ಎಂದರು. ಅವರು ಅಷ್ಟು ಹೇಳಿದ ಮೇಲೆ ಯಾರ ಮನೆಯಲ್ಲೂ ಯಾರೂ ಉಳಿಯಲಿಲ್ಲ.

ಗಂಜಿ ಬಿದ್ದು ಕುಂಚಗಳು ಅರ್ಧ ದಾರಿ ಹೋಗಿರಬಹುದು, ಜೀಪು ಬಂತು. ಈ ಸಲದ ಅಧಿಕಾರಿ ನಡುವಯಸ್ಸಿನ ಹೆಂಗಸು, ಕಂಕುಳಲ್ಲಿ ಫೈಲು, ಹಿಂದೆ ಒಬ್ಬ ಗುಮಾಸ್ತರು. ತೊಟ್ಟಿಯ ಕಡೆಯ ಕಲ್ಲುಕಂಬದ ಪಕ್ಕ ಬಂದು ನಿಂತರು. ಅವರನ್ನು ಬನ್ನಿ ಎನ್ನಲು ಒಬ್ಬರಿಗೂ ಬಿಡುವಿರಲಿಲ್ಲ. ವಕೀಲರು ಹೇಳಿದ್ದಕ್ಕಲ್ಲ, ಕೈ ನಿಲ್ಲಿಸುವಂತಿರಲಿಲ್ಲ. ಅಷ್ಟರಲ್ಲಿ ಸಣ್ಣ ಹನಿ ಶುರುವಾಯಿತು, ಜೊತೆಗೆ ಗಾಳಿ. ಒದ್ದೆಯ ಭಾರಕ್ಕೆ ತೊಟ್ಟಿಯ ಕಡೆಯ ಕಟ್ಟು ಸಡಿಲಿ, ಹಗ್ಗ ಕಂಬದಿಂದ ಜಾರತೊಡಗಿತು. ಇಡೀ ಪಾವು ಒಮ್ಮೆ ಜೋತಾಡಿತು. ಅದು ನೆಲ ಮುಟ್ಟಿದರೆ ಮುಗಿಯಿತು. ಆ ಕಂಬಕ್ಕೆ ಎಲ್ಲರಿಗಿಂತ ಹತ್ತಿರ ಇದ್ದವರೆಂದರೆ ಅಧಿಕಾರಿಯೇ. ಅತ್ತೆ ಈ ತುದಿಯಿಂದ ಕೂಗಿದರು:

"ಏ ಅಮ್ಮಿಣಿ, ಏನ್ ನೋಡ್ಕೊಂಡ್ ನಿಂತಿದೀಯಾ, ಹಗ್ಗ ಹಿಡಿ. ಎಳ್ಕ, ಬುಡಬೇಡ."

ನಂಜಪ್ಪ ಮಾಮನ ಕೈಯಿಂದ ಕುಂಚ ಬಿದ್ದೇ ಹೋಯಿತು. ಆ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅತ್ತ ಹೋಗುವ ಹಗ್ಗಕ್ಕೂ ಇತ್ತ ಬರುವ ಕೂಗಿಗೂ ತರ್ಜುಮೆ ಬೇಕಿರಲಿಲ್ಲ. ಫೈಲನ್ನು ಗುಮಾಸ್ತರ ಕೈಗೆ ತಳ್ಳಿ, ಎರಡು ಕೈಯಲ್ಲೂ ಹಗ್ಗ ಹಿಡಿದು, ಕಾಲು ಕಂಬಕ್ಕೆ ಒತ್ತಿ ಎಳೆದು ನಿಂತರು. ಕೈ ಬಿಡುವು ಮಾಡಿಕೊಂಡು ಒಬ್ಬರು ಓಡಿ ಹೋಗಿ ಕಟ್ಟುವ ತನಕ ಹಾಗೆಯೇ ನಿಂತಿದ್ದರು. ಹನಿ ತಾನಾಗಿಯೇ ನಿಂತಿತು. ಗಾಳಿ ಮಾತ್ರ ಉಳಿಯಿತು, ಅದೇ ಪಾವನ್ನು ಒಣಗಿಸಿತು. ಅಲ್ಲಲ್ಲಿ ನಾಲ್ಕು ಎಳೆ ಅಂಟಿದ್ದು ಬಿಟ್ಟರೆ ಎಲ್ಲ ಉಳಿಯಿತು. ಅಧಿಕಾರಿ ಅಂಗೈಯ ಕೆಂಪು ನೋಡಿಕೊಳ್ಳುತ್ತಾ, ಈ ಜಾಗವನ್ನು ಯಾವುದಕ್ಕೆ ಬಳಸುತ್ತೀರಿ ಎಂದು ತಮಿಳಿನಲ್ಲಿ ಅತ್ತೆಯನ್ನು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು, ಕಾಗದದ ಮೇಲೆ ಬರೆದುಕೊಂಡು ಬಂದಿದ್ದರು. ಅತ್ತೆ ಅವರ ಕೈ ನೋಡಿ, ನೀನೇ ಹೇಳು ಎಂದರು. ಆಮೇಲೆ ಬೀದಿಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ತಮ್ಮ ಮಾತು ಹೇಳಿದರು, ಗುಮಾಸ್ತರು ಬರೆದುಕೊಂಡರು. ಎಲ್ಲ ಮುಗಿದ ಮೇಲೆ ತಂಬಿಗೆ ನೀರು ಕೊಟ್ಟೆವು.

ಹೊಸ ಆದೇಶ ತೈ ತಿಂಗಳಲ್ಲಿ, ಪೊಂಗಲಿನ ಕಬ್ಬಿನ ಸಿಪ್ಪೆ ಇನ್ನೂ ಬೀದಿಯಲ್ಲಿರುವಾಗ ಬಂತು. ಪಾವಡಿಯನ್ನು ನೇಕಾರರ ಬಳಕೆಯ ಜಾಗವೆಂದು ದಾಖಲಿಸಬೇಕು, ಅಂಗಡಿಗಳಿಗೆ ಬೇರೆ ಜಾಗ ನೋಡಬೇಕು ಎಂದಿತ್ತು. ಸ್ಥಳಕ್ಕೆ ಹೋದಾಗ ಅಲ್ಲಿ ನನಗೆ ನಿಂತುಕೊಳ್ಳಲೂ ಜಾಗವಿರಲಿಲ್ಲ ಎಂದು ಅಧಿಕಾರಿ ಬರೆದಿದ್ದರು. ಪದ್ಮಿನಿ ಫೋನಿನಲ್ಲಿ ಆ ಸಾಲನ್ನು ಓದಿ ಹೇಳುವಾಗ ಅವರ ದನಿ ಮೊದಲ ಸಲ ಗಟ್ಟಿಯಾಯಿತು. ನಾನು ಅಳುತ್ತಿದ್ದೆ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಅತ್ತೆಗೆ ಮಾತ್ರ ಸಂಕಟವಾಯಿತು. ಅಯ್ಯೋ, ಪಾಪ ಆ ಹೆಣ್ಣು ಪೂರ್ತಿ ನಿಂತೇ ಇತ್ತು ಎಂದರು. ಆ ಪಾವಿನಲ್ಲೇ ನೇಯ್ದ ಸೀರೆಯೊಂದನ್ನು ಅವರಿಗೆ ಕಳಿಸೋಣ ಎಂದೂ ಹೇಳಿದರು. ಹಾಗೇನಾದರೂ ಮಾಡಿದರೆ ನಾನು ಇನ್ನೊಂದು ಕೇಸು ನಡೆಸಬೇಕಾಗುತ್ತದೆ, ನಿಮ್ಮ ಪರವಾಗಿ, ಜೈಲಿನಿಂದ ಬಿಡಿಸಲು ಎಂದು ಪದ್ಮಿನಿ ಬೆದರಿಸಿದ ಮೇಲೆಯೇ ಆ ಆಸೆ ಬಿಟ್ಟರು.

ನಂಜಪ್ಪ ಮಾಮ ಬಿಡುವವರೇ? ಅಧಿಕಾರಿಗಳಿಗೆ ಆಗದಿದ್ದರೆ ವಕೀಲರಿಗಾದರೂ ಮರ್ಯಾದೆ ಮಾಡಬೇಕಲ್ಲ. ಚೆನ್ನೈಗೆ ಹೋಗಿ ಬಂದ ಶಾಲು ಇನ್ನೂ ಹಾಗೆಯೇ ಇತ್ತು. ಪಾವಡಿಯ ನಡುವೆ ಶಾಮಿಯಾನ ಹಾಕಿಸಿ, ಕುರ್ಚಿ ತರಿಸಿ, ಎಲ್ಲರಿಗೂ ಇಡ್ಲಿ ಪೊಂಗಲ್ ತಿಂಡಿ ಮಾಡಿಸಿ ಸನ್ಮಾನ ಮಾಡುವುದೆಂದು ಗೊತ್ತು ಮಾಡಿದರು. ಶುಕ್ರವಾರ ಬೆಳಗ್ಗೆ ಶಾಮಿಯಾನದವನು ಗಾಡಿ ತುಂಬ ಕಂಬ, ಬಟ್ಟೆ ಹೇರಿಕೊಂಡು ಬಂದು ನೋಡಿದರೆ ಅತ್ತೆ ಆಗಲೇ ಪಾವು ಎಳೆದು ಗಂಜಿ ಹಾಕಿದ್ದರು. ಅವರದು ಮಾತ್ರವಲ್ಲ, ಪಕ್ಕದಲ್ಲೇ ಇನ್ನೊಂದು ಮನೆಯ ಪಾವನ್ನೂ ಹಾಕಿಸಿದ್ದರು. ಗುಡಿಯಿಂದ ತೊಟ್ಟಿಯವರೆಗೆ ನೂಲೇ ನೂಲು. ನಂಜಪ್ಪ ಮಾಮ ಕೈ ಕೈ ಹಿಸುಕಿಕೊಂಡು, ಒಂದೇ ಒಂದು ದಿನ ರಂಗಮ್ಮಾ, ಒಂದು ದಿನ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಏನಾಯಿತೆಂದು ಒಂದು ಸಲ ನೋಡಿದೆವಲ್ಲ ಎಂದರು ಅತ್ತೆ. ಗಾಡಿಯವನು ಬೇವಿನ ನೆರಳಲ್ಲಿ ಬೀಡಿ ಹಚ್ಚಿ ಕೂತ.

ಪದ್ಮಿನಿ ಬಂದರು. ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂ ಮುಡಿದು, ಸನ್ಮಾನಕ್ಕೆ ತಯಾರಾಗಿಯೇ ಬಂದಿದ್ದರು. ಶಾಲು ಹಿಡಿದ ನಂಜಪ್ಪ ಮಾಮನನ್ನೂ, ಗಾಡಿಯಲ್ಲೇ ಉಳಿದ ಕುರ್ಚಿಗಳನ್ನೂ, ಉದ್ದಕ್ಕೆ ಹರಡಿದ ಎರಡು ಪಾವುಗಳನ್ನೂ ನೋಡಿದರು. ಅತ್ತೆ ಕುಂಚ ನಿಲ್ಲಿಸಲಿಲ್ಲ, ತಲೆ ಮಾತ್ರ ಎತ್ತಿದರು.

"ಕುಂತ್ಕಳಾಕ್ಕೆ ಜಾಗ ಇಲ್ಲ ಅಮ್ಮಿಣಿ," ಎಂದರು. "ಇನ್ಮೇಲೆ ಯಾರ್ ಬಂದ್ರೂ ಇರಲ್ಲ."

ಪದ್ಮಿನಿ ಬೇವಿನ ಮರಕ್ಕೆ ಒರಗಿ ನಿಂತು ಎರಡು ಇಡ್ಲಿ ತಿಂದು, ಇನ್ನೆರಡು ಹಾಕಿಸಿಕೊಂಡರು.